ಚರ್ಚಿನ ತಲೆಲೆಕ್ಕ: ಹೆಸರು ಬರೆಯುವವರು ಸಿಗುತ್ತಾರೆ, ಹೊಡೆದುಹಾಕುವವರು ಯಾರು?

2015ರ ಫೆಬ್ರವರಿಯಲ್ಲಿ ನಾರ್ವೆಯ ಪೊಲೀಸರು ಓಸ್ಲೋದ ಕಥೋಲಿಕ ಧರ್ಮಪ್ರಾಂತ್ಯದ ಕಚೇರಿಗೆ ನುಗ್ಗಿ ಶೋಧ ನಡೆಸಿದರು. ಅವರಿಗೆ ಬೇಕಾಗಿದ್ದದ್ದು ಸದಸ್ಯರ ಪಟ್ಟಿ. ನಾರ್ವೆಯಲ್ಲಿ ನೋಂದಾಯಿತ ಧಾರ್ಮಿಕ ಸಂಸ್ಥೆಗಳಿಗೆ ತಲೆಗೆ ಇಷ್ಟು ಅಂತ ಸರ್ಕಾರ ಅನುದಾನ ಕೊಡುತ್ತದೆ. ಆ ವರ್ಷಗಳಲ್ಲಿ ಪೋಲೆಂಡಿನಿಂದ ಕೆಲಸ ಹುಡುಕಿಕೊಂಡು ಸಾವಿರಗಟ್ಟಲೆ ಜನ ಬಂದಿದ್ದರು. ಅವರೆಲ್ಲ ಚರ್ಚಿಗೆ ಬಂದು ಹೆಸರು ಬರೆಸುತ್ತಿರಲಿಲ್ಲ. ಹಾಗಾಗಿ ಕಚೇರಿಯವರೇ ಫೋನ್ ಡೈರೆಕ್ಟರಿ ತೆಗೆದು ಕೂತರು. ಪೋಲಿಷ್ ಥರ ಕೇಳಿಸುವ ಹೆಸರುಗಳನ್ನು ಆರಿಸಿ, ಅವರ ಗುರುತಿನ ಸಂಖ್ಯೆ ಹುಡುಕಿ, ಪಟ್ಟಿಗೆ ಸೇರಿಸಿದರು. ಹೀಗೆ ಕೇಳದೆ ಸೇರಿಸಿದ ಹೆಸರುಗಳು ಸುಮಾರು 65 ಸಾವಿರ. ಕೊನೆಗೆ ಸರ್ಕಾರ 4 ಕೋಟಿ ಕ್ರೋನರ್ ವಾಪಸ್ ಕೊಡಿ ಅಂದಿತು.

ಮೇಲ್ನೋಟಕ್ಕೆ ಇದು ಸುಮ್ನೆ ಒಂದು ಮೋಸದ ಕಥೆ. ಆದರೆ ಒಂದು ಕ್ಷಣ ಯೋಚಿಸಿ. ಆ ಪೋಲಿಷರಲ್ಲಿ ಹೆಚ್ಚಿನವರಿಗೆ ಮಗುವಾಗಿದ್ದಾಗಲೇ ದೀಕ್ಷಾಸ್ನಾನ (ತಲೆಗೆ ನೀರು ಹಾಕಿ ಚರ್ಚಿಗೆ ಸೇರಿಸಿಕೊಳ್ಳುವ ವಿಧಿ, ಬ್ಯಾಪ್ಟಿಸಮ್) ಆಗಿರುತ್ತದೆ. ಕಥೋಲಿಕ ನಿಯಮದಲ್ಲಿ ದೀಕ್ಷಾಸ್ನಾನ ಆದವನು ಯಾವ ದೇಶಕ್ಕೆ ಹೋದರೂ ಕಥೋಲಿಕನೇ. ಅಂದರೆ ಚರ್ಚಿನ ಲೆಕ್ಕದಲ್ಲಿ ಅವರು ಸದಸ್ಯರು, ಸರ್ಕಾರದ ಲೆಕ್ಕದಲ್ಲಿ ಅಲ್ಲ. ಆ ಜನರನ್ನೇ ಕೇಳಿದ್ದರೆ ಇನ್ನೇನು ಹೇಳುತ್ತಿದ್ದರೋ! ಒಬ್ಬನೇ ಮನುಷ್ಯ, ಮೂರು ಉತ್ತರ.

ಚರ್ಚುಗಳು ಬೆಳೆಯುತ್ತಿವೆಯಾ, ಕರಗುತ್ತಿವೆಯಾ ಅಂತ ಆಗಾಗ ಸುದ್ದಿ ಬರುತ್ತದೆ. ‘ಇಷ್ಟು ಲಕ್ಷ ಜನ ಬಿಟ್ಟರು’, ‘ಇಷ್ಟು ಕೋಟಿ ದಾಟಿತು’. ಅಂಥ ಸುದ್ದಿ ಓದುವಾಗ ಯಾರು ಹೇಗೆ ಸೇರುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು, ಹೆಸರು ತೆಗೆಯುವುದು ಹೇಗೆ, ಆ ಕೆಲಸ ಯಾರದ್ದು, ತೆಗೆದರೆ ಯಾರ ಜೇಬಿಗೆ ಏನಾಗುತ್ತದೆ ಅಂತ. ಹೆಸರು ಬರೆಸುವ ದಿನ ಎಲ್ಲ ಕಡೆಯೂ ಒಂದು ಸಮಾರಂಭ ಇರುತ್ತದೆ. ಹೊರಡುವವರು ಮಾತ್ರ ಸಾಮಾನ್ಯವಾಗಿ ಯಾರಿಗೂ ಹೇಳದೆ ಹೊರಡುತ್ತಾರೆ. ಸಂಖ್ಯೆ ಕೆಡುವುದು ಅಲ್ಲೇ.

ಕಥೋಲಿಕರ ವಿಷಯ ನೋಡಿ. 2023ರ ಕೊನೆಗೆ ಜಗತ್ತಿನಲ್ಲಿ 140 ಕೋಟಿ ಕಥೋಲಿಕರಿದ್ದಾರೆ ಎಂದು ವ್ಯಾಟಿಕನ್ನಿನ ವಾರ್ಷಿಕ ಅಂಕಿಅಂಶ ಹೇಳುತ್ತದೆ. ಇದು ದೀಕ್ಷಾಸ್ನಾನ ಪಡೆದವರ ಲೆಕ್ಕ. ಇದರ ಬೇರು ಇರುವುದು ಪ್ರತಿ ಚರ್ಚಿನ ಕಪಾಟಿನಲ್ಲಿರುವ ಒಂದು ದಪ್ಪ ಪುಸ್ತಕದಲ್ಲಿ. ಒಂದು ಸಾಲಿನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ಅಪ್ಪ ಅಮ್ಮ, ಜ್ಞಾನಪಿತ, ಜ್ಞಾನಮಾತೆ, ಪಾದ್ರಿಗಳ ಸಹಿ. ಪಕ್ಕದಲ್ಲಿ ಷರಾ ಬರೆಯಲು ಖಾಲಿ ಜಾಗ. ಆ ಮಗು ಬೆಳೆದು ಬೇರೆ ದೇಶದಲ್ಲಿ ಮದುವೆಯಾದರೂ ಅಲ್ಲಿಂದ ಪತ್ರ ಬಂದು ಇದೇ ಸಾಲಿನ ಷರಾದಲ್ಲಿ ‘ಮದುವೆ ಆಗಿದೆ’ ಅಂತ ಸೇರುತ್ತದೆ. ದೃಢೀಕರಣ (ನಂಬಿಕೆಯನ್ನು ಗಟ್ಟಿಮಾಡುವ ಸಂಸ್ಕಾರ), ಗುರುದೀಕ್ಷೆ (ಪಾದ್ರಿಯಾಗುವುದು), ಎಲ್ಲವೂ ಅಲ್ಲಿಗೇ. ಮನುಷ್ಯ ಎಲ್ಲೇ ತಿರುಗಲಿ, ಅವನ ಸಾಲು ಮಾತ್ರ ಹುಟ್ಟಿದೂರಿನ ಪುಸ್ತಕದಲ್ಲಿ ಕಾಯುತ್ತಿರುತ್ತದೆ.

ಇಲ್ಲಿ ಹೊರಗೆ ಹೋಗುವ ಬಾಗಿಲೇ ಇಲ್ಲ. ದೀಕ್ಷಾಸ್ನಾನ ಅಳಿಸಲಾಗದ ಗುರುತು ಅನ್ನುವುದು ಅವರ ನಂಬಿಕೆ. ಹಿಂದೆ ಚರ್ಚಿನ ಕಾನೂನಿನಲ್ಲಿ ‘ವಿಧಿವತ್ತಾಗಿ ಬಿಟ್ಟುಹೋದವರು’ ಎಂಬ ಮಾತು ಮದುವೆಯ ನಿಯಮಗಳಲ್ಲಿ ಇತ್ತು. 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು ಅದನ್ನೂ ತೆಗೆದುಹಾಕಿದರು. ಅದೇ ಸಮಯಕ್ಕೆ ಐರ್ಲೆಂಡಿನಲ್ಲಿ ‘ಕೌಂಟ್ ಮಿ ಔಟ್’ (ನನ್ನನ್ನು ಲೆಕ್ಕದಿಂದ ಬಿಡಿ) ಎಂಬ ವೆಬ್‌ಸೈಟ್ ಮೂಲಕ ಚರ್ಚು ಬಿಡಲು ಸಾವಿರಾರು ಜನ ಅರ್ಜಿ ಹಾಕುತ್ತಿದ್ದರು. ನಿಯಮ ಹೋದ ಮೇಲೆ ಅರ್ಜಿಗೂ ಬೆಲೆ ಹೋಯಿತು, ಅದು ನಿಂತುಹೋಯಿತು. ಈಗ ಇದೇ ಜಗಳ ಖಾಸಗಿ ಮಾಹಿತಿಯ ಕಾನೂನಿನ ಮೂಲಕ ಬಂದಿದೆ. 2023ರಲ್ಲಿ ಐರ್ಲೆಂಡಿನ ಮಾಹಿತಿ ರಕ್ಷಣಾ ಪ್ರಾಧಿಕಾರ ಡಬ್ಲಿನ್ ಮಹಾಧರ್ಮಪ್ರಾಂತ್ಯ ಈ ದಾಖಲೆ ಇಟ್ಟುಕೊಳ್ಳಬಹುದು ಎಂದಿತು. ಅದೇ ವರ್ಷ ಬೆಲ್ಜಿಯಮ್ಮಿನ ಪ್ರಾಧಿಕಾರ ಗೆಂಟ್ ಧರ್ಮಪ್ರಾಂತ್ಯದ ವಿಷಯದಲ್ಲಿ, ಕೇಳಿದವರ ಹೆಸರು ಅಳಿಸಿ ಎಂದಿತು. ಒಂದೇ ಯುರೋಪಿಯನ್ ಕಾನೂನು, ಎರಡು ತೀರ್ಪು.

ಹಾಗಾದರೆ 140 ಕೋಟಿ ಸುಳ್ಳಾ? ಅಲ್ಲ. ಅದು ಇನ್ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರ. ‘ಎಷ್ಟು ಜನರ ತಲೆಗೆ ನೀರು ಬಿದ್ದಿದೆ’ ಅನ್ನುವುದಕ್ಕೆ ಅದು ಸರಿಯಾದ ಉತ್ತರ. ‘ಎಷ್ಟು ಜನ ನಂಬುತ್ತಾರೆ’ ಅಂತ ನಾವು ಓದಿಕೊಂಡರೆ ತಪ್ಪು ನಮ್ಮದು.

ಜರ್ಮನಿಯಲ್ಲಿ ಕಥೆ ಪೂರ್ತಿ ತಿರುವುಮುರುವು. ಅಲ್ಲಿ ಚರ್ಚಿನ ಸದಸ್ಯನಾಗಿದ್ದರೆ ಚರ್ಚ್ ತೆರಿಗೆ ಕಟ್ಟಬೇಕು. ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ 8%, ಉಳಿದ ಕಡೆ 9%. ತೆರಿಗೆ ಇಲಾಖೆಯೇ ವಸೂಲಿ ಮಾಡಿ ಚರ್ಚಿಗೆ ಕೊಡುತ್ತದೆ. ಬಿಡಬೇಕು ಅಂದರೆ ಪಾದ್ರಿಯ ಹತ್ತಿರ ಹೋಗಬೇಕಿಲ್ಲ. ಸರ್ಕಾರಿ ನೋಂದಣಿ ಕಚೇರಿಗೆ ಅಥವಾ ಕೋರ್ಟಿಗೆ ಹೋಗಿ ಸಹಿ ಹಾಕಿದರೆ ಆಯಿತು. ಹಾಗಾಗಿ ಬಿಟ್ಟವರ ಲೆಕ್ಕ ಒಂದೊಂದು ತಲೆಯ ಮಟ್ಟಿಗೂ ಸಿಗುತ್ತದೆ. ಕಥೋಲಿಕ ಚರ್ಚನ್ನು 2022ರಲ್ಲಿ 5,22,821 ಜನ ಬಿಟ್ಟರು, 2023ರಲ್ಲಿ 4 ಲಕ್ಷ, 2024ರಲ್ಲಿ 3.2 ಲಕ್ಷ. ಇಷ್ಟು ಕರಾರುವಾಕ್ಕಾದ ಅಂಕಿ ಜಗತ್ತಿನಲ್ಲಿ ಅಪರೂಪ.

ಆದರೆ ಕರಾರುವಾಕ್ಕಾದ ಅಂಕಿಯೂ ದಾರಿ ತಪ್ಪಿಸಬಹುದು. 2014ರಲ್ಲಿ ಕಥೋಲಿಕ ಚರ್ಚು ಬಿಟ್ಟವರ ಸಂಖ್ಯೆ ಏಕಾಏಕಿ ಏರಿ 2.17 ಲಕ್ಷ ದಾಟಿತು. ಆ ವರ್ಷ ಬ್ಯಾಂಕುಗಳಿಂದ ಗ್ರಾಹಕರಿಗೆ ಒಂದು ಕಾಗದ ಬಂದಿತ್ತು: ಮುಂದಿನ ವರ್ಷದಿಂದ ನಿಮ್ಮ ಹೂಡಿಕೆಯ ಲಾಭದ ಮೇಲಿನ ಚರ್ಚ್ ತೆರಿಗೆಯನ್ನು ನಾವೇ ಹಿಡಿದುಕೊಳ್ಳುತ್ತೇವೆ ಅಂತ. ತೆರಿಗೆ ಹೊಸದಲ್ಲ, ಮೊದಲೂ ಇತ್ತು. ಕಾಗದ ಮಾತ್ರ ಹೊಸದು. ಎಷ್ಟೋ ವರ್ಷಗಳಿಂದ ಚರ್ಚಿನ ಮೆಟ್ಟಿಲು ಹತ್ತದವರಿಗೆ ‘ಅರೆ, ನಾನಿನ್ನೂ ಸದಸ್ಯ ಅಲ್ವಾ’ ಅಂತ ನೆನಪಾಗಿದ್ದೇ ಅದನ್ನು ಓದಿದಾಗ. ಏರಿಕೆಗೆ ಅದೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ.

ಫಿನ್ಲೆಂಡಿನ ಲುಥೆರನ್ ಚರ್ಚಿನಲ್ಲೂ ಹೀಗೇ. 2003ರಲ್ಲಿ ಕಾನೂನು ಬದಲಾಗಿ, ಚರ್ಚು ಬಿಡುವುದಕ್ಕೆ ಖುದ್ದಾಗಿ ಹೋಗುವ ಅಗತ್ಯ ಇಲ್ಲವಾಯಿತು. ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಸೌಲಭ್ಯವೂ ಬಂತು. 2010ರ ಅಕ್ಟೋಬರಿನಲ್ಲಿ ಸಲಿಂಗಿಗಳ ಹಕ್ಕಿನ ಬಗ್ಗೆ ಟಿವಿಯಲ್ಲಿ ಒಂದು ಚರ್ಚೆ ನಡೆಯಿತು. ಮುಂದಿನ ಕೆಲವೇ ವಾರಗಳಲ್ಲಿ ಹತ್ತಿರ ಹತ್ತಿರ 40 ಸಾವಿರ ಜನ ಚರ್ಚು ಬಿಟ್ಟರು. ನಾರ್ವೆಯ ಲುಥೆರನ್ ಚರ್ಚಿನಲ್ಲಿ 2016ರ ಆಗಸ್ಟಿನಲ್ಲಿ ಆನ್‌ಲೈನ್ ವ್ಯವಸ್ಥೆ ತೆರೆದ ಮೊದಲ ನಾಲ್ಕು ದಿನದಲ್ಲೇ 15 ಸಾವಿರ ಜನ ಹೊರಬಿದ್ದರು. ನಾಲ್ಕು ದಿನದಲ್ಲಿ ಯಾರ ನಂಬಿಕೆಯೂ ಬದಲಾಗುವುದಿಲ್ಲ. ಅವರು ಯಾವತ್ತೋ ಹೋಗಿಯಾಗಿತ್ತು, ಲೆಕ್ಕಕ್ಕೆ ಬಂದದ್ದು ಅವತ್ತು.

ಇನ್ನು ಹೆಸರಿಗೆ ದುಡ್ಡು ಕಟ್ಟಬೇಕಾಗಿ ಬರುವುದು ಸದಸ್ಯನಿಗಲ್ಲ, ಸ್ಥಳೀಯ ಸಭೆಗೇ (ಅಂದರೆ ಆ ಊರಿನ ಚರ್ಚಿಗೇ) ಅಂದುಕೊಳ್ಳಿ. ಅಮೆರಿಕದ ಪ್ರೆಸ್‌ಬಿಟೇರಿಯನ್ ಚರ್ಚಿನಲ್ಲಿ (ಯುಎಸ್‌ಎ) ಈ ಪದ್ಧತಿ ಇದೆ. ರಿಜಿಸ್ಟರಿನಲ್ಲಿ ಎಷ್ಟು ಸದಸ್ಯರಿದ್ದಾರೋ ತಲೆಗೆ ಇಷ್ಟು ಅಂತ ಮೇಲಿನ ಮಂಡಳಿಗಳಿಗೆ ಪಾಲು ಹೋಗಬೇಕು. ಹಾಗಾದಾಗ ಹಿರಿಯರು ವರ್ಷಕ್ಕೊಮ್ಮೆ ಕೂತು ಪಟ್ಟಿಯ ಮೇಲೆ ಬೆರಳಿಟ್ಟು ಇಳಿಯುತ್ತಾರೆ. ಇವರು ಊರು ಬಿಟ್ಟು ಆರು ವರ್ಷ. ಇವರ ಮಗಳು ಮದುವೆಯಾಗಿ ಹೋದಳು. ಈ ಹೆಸರು ಯಾರದ್ದು, ಯಾರಿಗಾದರೂ ಗೊತ್ತಾ? ಯಾರೂ ಮಾತಾಡದಿದ್ದರೆ ಹೆಸರಿನ ಮೇಲೆ ಗೀಟು. ಅಲ್ಲಿನ ರಿಜಿಸ್ಟರು ತಕ್ಕಮಟ್ಟಿಗೆ ಚೊಕ್ಕ, ಸಂಖ್ಯೆಯೂ ಭಯಂಕರವಾಗಿ ಇಳಿದಂತೆ ಕಾಣುತ್ತದೆ. 1983ರಲ್ಲಿ ಎರಡು ಚರ್ಚುಗಳು ಸೇರಿ ಇದಾದಾಗ 31 ಲಕ್ಷ ಇದ್ದದ್ದು 2024ಕ್ಕೆ 10.5 ಲಕ್ಷದ ಆಸುಪಾಸು. ನಿಜವಾದ ಕುಸಿತವೇ ಅದು, ಅನುಮಾನ ಬೇಡ. ಆದರೆ ಗೀಟು ಹಾಕದ ಚರ್ಚಿನ ಪಕ್ಕ ಇದನ್ನಿಟ್ಟು ಹೋಲಿಸಿದರೆ ಶುದ್ಧ ಅನ್ಯಾಯ.

ಸದರ್ನ್ ಬ್ಯಾಪ್ಟಿಸ್ಟರದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಕೂಟ. ಪ್ರತಿ ಸಭೆಯೂ ಸ್ವತಂತ್ರ, ವರ್ಷಕ್ಕೊಂದು ಫಾರಂ ತುಂಬಿ ಕಳಿಸುತ್ತದೆ. ಕಳಿಸದೆ ಇರುವವರೂ ಇದ್ದಾರೆ. 2006ರಲ್ಲಿ 1.63 ಕೋಟಿ ಸದಸ್ಯರು, ಅದೇ ಶಿಖರ. 2024ಕ್ಕೆ 1.27 ಕೋಟಿ. ಆದರೆ ಅದೇ ವರ್ಷ ವಾರದ ಆರಾಧನೆಗೆ ಬಂದವರು 43 ಲಕ್ಷ. ಅಂದರೆ ಪಟ್ಟಿಯಲ್ಲಿರುವ ಮೂವರಲ್ಲಿ ಇಬ್ಬರು ಬೆಂಚಿನ ಮೇಲಿಲ್ಲ. ಇದು ಅವರಿಗೇ ಮುಜುಗರದ ವಿಷಯ. 2008ರಲ್ಲಿ ವಾರ್ಷಿಕ ಸಭೆಯಲ್ಲಿ ಪಟ್ಟಿಯನ್ನು ಪ್ರಾಮಾಣಿಕವಾಗಿ ಇಟ್ಟುಕೊಳ್ಳಿ ಅಂತ ಠರಾವು ಮಾಡಿದರು. ಆಮೇಲಿನ ಇಳಿಕೆಯಲ್ಲಿ ಒಂದು ಪಾಲು ಹಳೇ ಹೆಸರು ಗುಡಿಸಿದ್ದು. ತಮಾಷೆ ಏನೆಂದರೆ ಇತ್ತೀಚಿನ ವರ್ಷಗಳಲ್ಲಿ ಅವರ ಸದಸ್ಯರ ಸಂಖ್ಯೆ ಇಳಿಯುತ್ತಿದೆ, ಹಾಜರಿ ಏರುತ್ತಿದೆ. ಬೆಳೆಯುತ್ತಿದೆ ಅನ್ನುವವನಿಗೂ ಅಂಕಿ ಸಿಗುತ್ತದೆ, ಕರಗುತ್ತಿದೆ ಅನ್ನುವವನಿಗೂ ಸಿಗುತ್ತದೆ.

ಹೆಸರು ತೆಗೆಯುವುದರಲ್ಲಿ ಎರಡು ತುದಿಗಳಿವೆ. ಒಂದು ತುದಿಯಲ್ಲಿ ಜನ ಮಾರ್ಮನ್ನರು ಅಂತ ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಚರ್ಚು. ಪ್ರತಿ ಏಪ್ರಿಲ್‌ನಲ್ಲಿ ಕೊನೆಯ ಒಂದು ಅಂಕಿಯವರೆಗೆ ಲೆಕ್ಕ ಪ್ರಕಟಿಸುತ್ತಾರೆ. 2024ರ ಕೊನೆಗೆ 1.75 ಕೋಟಿ. ಆದರೆ ಸದಸ್ಯ ಎಲ್ಲಿದ್ದಾನೆ ಅಂತ ಗೊತ್ತಿಲ್ಲದಿದ್ದರೆ, ಅವನಿಗೆ 110 ವರ್ಷ ತುಂಬುವವರೆಗೂ ಹೆಸರು ಲೆಕ್ಕದಲ್ಲಿರುತ್ತದೆ. ಚಿಲಿ ದೇಶದಲ್ಲಿ ಚರ್ಚಿನ ಲೆಕ್ಕ 5 ಲಕ್ಷ ದಾಟಿತ್ತು. 2002ರ ಜನಗಣತಿಯಲ್ಲಿ ‘ನಾನು ಮಾರ್ಮನ್’ ಅಂದವರು 1 ಲಕ್ಷ ಚಿಲ್ಲರೆ. ಜನಗಣತಿ ಕೇಳಿದ್ದು 15 ವರ್ಷ ಮೇಲಿನವರನ್ನು ಮಾತ್ರ, ಅದನ್ನು ಕಳೆದರೂ ನಡುವಿನ ಕಂದಕ ದೊಡ್ಡದೇ. ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ 1984ರಲ್ಲಿ ಇದೇ ಪಟ್ಟಿಯ ಬೆಳವಣಿಗೆಯ ವೇಗ ಹಿಡಿದು, 2080ರ ಹೊತ್ತಿಗೆ ಈ ಚರ್ಚಿನಲ್ಲಿ 26 ಕೋಟಿಗೂ ಹೆಚ್ಚು ಜನ ಇರಬಹುದು ಎಂದು ಅಂದಾಜು ಮಾಡಿದ್ದರು. ಈಗಿನ ವೇಗದಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಇನ್ನೊಂದು ತುದಿಯಲ್ಲಿ ಯೆಹೋವನ ಸಾಕ್ಷಿಗಳು. ಇವರು ಲೆಕ್ಕ ಹಾಕುವುದು ಪ್ರಚಾರಕರನ್ನು. ಆ ತಿಂಗಳು ಮನೆಮನೆ ಸಾರಿ ವರದಿ ಕೊಟ್ಟರೆ ಲೆಕ್ಕದಲ್ಲಿ ಇದ್ದೀರಿ, ಕೊಡದಿದ್ದರೆ ಇಲ್ಲ. 2023ರಲ್ಲಿ ಇವರ ಗರಿಷ್ಠ ಸಂಖ್ಯೆ 88 ಲಕ್ಷ. ಅದೇ ವರ್ಷ ಕ್ರಿಸ್ತನ ಮರಣದ ಸ್ಮರಣೆಯ ಕೂಟಕ್ಕೆ ಬಂದವರು 2 ಕೋಟಿ ಮೇಲೆ. ಬೇರೆ ಯಾವ ಚರ್ಚಾದರೂ ಆ 2 ಕೋಟಿಯನ್ನೇ ಸದಸ್ಯತ್ವ ಅಂತ ಹೇಳಿಕೊಳ್ಳುತ್ತಿತ್ತು! 2023ರ ನವೆಂಬರಿನಿಂದ ಎಷ್ಟು ಗಂಟೆ ಸಾರಿದೆ ಅಂತ ಸಾಮಾನ್ಯ ಪ್ರಚಾರಕರು ಬರೆಯಬೇಕಿಲ್ಲ, ಸಾರಿದ್ದೇನೆ ಅಂತ ಒಂದು ಗುರುತು ಹಾಕಿದರೆ ಸಾಕು. ಅಲ್ಲಿಗೆ ಆ ಮುಂಚಿನ ಅಂಕಿಗೂ ನಂತರದ ಅಂಕಿಗೂ ನೇರ ಹೋಲಿಕೆ ಕಷ್ಟ.

ಪಟ್ಟಿ ನಂಬಬೇಡ, ಬಂದವರನ್ನು ಎಣಿಸು ಅಂತ ಯಾರಾದರೂ ಹೇಳಬಹುದು. ಕೇಳಲು ಸುಲಭ. ಹಿಂದಿನ ಸಾಲಿನಲ್ಲಿ ಒಬ್ಬ ಕೈಯಲ್ಲಿ ಎಣಿಸುವ ಪುಟ್ಟ ಯಂತ್ರ ಹಿಡಿದು ಟಿಕ್ ಟಿಕ್ ಅಂತ ಒತ್ತುತ್ತಾನೆ. ತಡವಾಗಿ ಬಂದವರು? ಪಕ್ಕದ ಕೋಣೆಯಲ್ಲಿ ಸಂಡೇಸ್ಕೂಲ್ ಮಕ್ಕಳು? ಅವರನ್ನು ನೋಡಿಕೊಳ್ಳುತ್ತಿರುವ ಟೀಚರ್? ವಾದ್ಯ ನುಡಿಸುವವರು? ಎರಡು ಆರಾಧನೆಯಲ್ಲೂ ಕೂತವರು? 1851ರ ಮಾರ್ಚ್ 30ರ ಭಾನುವಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಚರ್ಚುಗಳಲ್ಲೂ ಹೀಗೆ ಎಣಿಸಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸೇರಿ 1 ಕೋಟಿ 9 ಲಕ್ಷ ಹಾಜರಿ. ಜನಸಂಖ್ಯೆ ಇದ್ದದ್ದು 1 ಕೋಟಿ 79 ಲಕ್ಷ. ಮೂರು ಹೊತ್ತೂ ಬಂದವನು ಮೂವರಾಗಿದ್ದ. ವರದಿ ಬರೆದ ಹೊರೇಸ್ ಮಾನ್ ಒಂದು ಉಪಾಯ ಮಾಡಿದ. ಬೆಳಗಿನವರು ಪೂರ್ತಿ, ಮಧ್ಯಾಹ್ನದವರಲ್ಲಿ ಅರ್ಧ, ಸಂಜೆಯವರಲ್ಲಿ ಮೂರನೇ ಒಂದು ಭಾಗ ಹೊಸಬರು ಅಂತ ಇಟ್ಟುಕೊಂಡು 72 ಲಕ್ಷಕ್ಕೆ ಇಳಿಸಿದ. ಆ ಅರ್ಧ ಯಾಕೆ, ಮೂರನೇ ಒಂದು ಯಾಕೆ ಅಂತ ಇವತ್ತಿಗೂ ಇತಿಹಾಸಕಾರರು ಜಗಳಾಡುತ್ತಾರೆ. ಸಂಜೆಯ ಆರಾಧನೆಗೇ ಹೆಚ್ಚು ಜನ ಸೇರುತ್ತಿದ್ದ ಪಂಗಡಗಳಿಗೆ ಇದು ನೇರ ಏಟು.

ಹಾಜರಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಸುದ್ದಿಗಳಲ್ಲಿ ಇದು ಬರುವುದೇ ಇಲ್ಲ. ಒಂದು ಸಭೆಯಲ್ಲಿ 200 ಜನ, ಪ್ರತಿ ವಾರ ಬರುತ್ತಾರೆ. ವಾರದ ಸರಾಸರಿ 200. ಅದೇ 200 ಜನ ಎರಡು ವಾರಕ್ಕೊಮ್ಮೆ ಬರಲು ಶುರು ಮಾಡಿದರೆ ಸರಾಸರಿ 100. ಒಬ್ಬರೂ ಬಿಟ್ಟಿಲ್ಲ, ಆದರೆ ಸಭೆ ಅರ್ಧವಾಯಿತು. ಚರ್ಚ್ ಆಫ್ ಇಂಗ್ಲೆಂಡ್ ಇದನ್ನು ಹಿಡಿಯಲು 2012ರಿಂದ ‘ಆರಾಧಿಸುವ ಸಮುದಾಯ’ ಅಂತ ಹೊಸ ಲೆಕ್ಕ ಇಟ್ಟಿದೆ. ತಿಂಗಳಿಗೆ ಒಮ್ಮೆಯಾದರೂ ಬರುವವರು, ಕಾಯಿಲೆಯಿಂದ ಬರಲಾಗದವರೂ ಸೇರಿ. ಅದರ ಪ್ರಕಾರ 2024ರಲ್ಲಿ 10.2 ಲಕ್ಷ. ವಾರದ ಸರಾಸರಿ ಹಾಜರಿ 7 ಲಕ್ಷ. ದೀಕ್ಷಾಸ್ನಾನ ಆದವರು 2.5 ಕೋಟಿ ಅಂತ ಅಂದಾಜು. ಒಂದೇ ಚರ್ಚು!

ಚರ್ಚನ್ನು ಬಿಟ್ಟು ಜನರನ್ನೇ ಕೇಳಿದರೆ? ಜನ ಸುಳ್ಳು ಹೇಳುತ್ತಾರೆ. ಪಾಪ, ಬೇಕಂತ ಅಲ್ಲ. ‘ಹೋದ ವಾರ ಚರ್ಚಿಗೆ ಹೋಗಿದ್ದಿರಾ’ ಅಂದರೆ ‘ನಾನು ಚರ್ಚಿಗೆ ಹೋಗುವ ಥರದವನು’ ಅನ್ನುವ ಅರ್ಥದಲ್ಲಿ ಹೌದು ಅಂದುಬಿಡುತ್ತಾರೆ. ಇದನ್ನು ಹಿಡಿದದ್ದು 1993ರಲ್ಲಿ ಹಡವೇ, ಮಾರ್ಲರ್, ಚೇವ್ಸ್ ಎಂಬ ಮೂವರು ಸಂಶೋಧಕರು. ಒಹಾಯೋ ರಾಜ್ಯದ ಆಶ್ಟಬುಲಾ ಕೌಂಟಿಯನ್ನು ಆರಿಸಿಕೊಂಡು ರಸ್ತೆ ರಸ್ತೆ ಸುತ್ತಿ, ಯಾವ ಪಟ್ಟಿಯಲ್ಲೂ ಇಲ್ಲದ ಚರ್ಚುಗಳನ್ನೂ ಹುಡುಕಿದರು. ಹಾಜರಿ ಅಂಕಿ ಸಿಗದ ಕಡೆ ಭಾನುವಾರ ಹೊರಗೆ ನಿಂತಿದ್ದ ಕಾರುಗಳನ್ನು ಎಣಿಸಿದರು. ಅಲ್ಲಿನ ಪ್ರೊಟೆಸ್ಟೆಂಟರಲ್ಲಿ ಹೋದ ವಾರ ಹೋಗಿದ್ದೆ ಅಂದವರು 36%. ನಿಜವಾಗಿ ಹೋದವರು 20%. ಮೂವತ್ತು ವರ್ಷದ ನಂತರ ಅರ್ಥಶಾಸ್ತ್ರಜ್ಞ ಡೆವಿನ್ ಪೋಪ್ ಲಕ್ಷಾಂತರ ಮೊಬೈಲ್‌ಗಳ ಸ್ಥಳದ ಮಾಹಿತಿ ಹಿಡಿದು ನೋಡಿದಾಗ ಅಂತರ ಇನ್ನೂ ಜಾಸ್ತಿ ಕಂಡಿತು. ಪ್ರತಿ ವಾರ ಹೋಗುತ್ತೇವೆ ಅನ್ನುವ ಅಮೆರಿಕನ್ನರು 20%ಕ್ಕೂ ಮೇಲೆ, ಫೋನ್ ಪ್ರಕಾರ 5%. ಫೋನ್ ಮನೆಯಲ್ಲಿಟ್ಟು ಹೋಗುವ ಅಜ್ಜ ಅಜ್ಜಿಯರು ಈ ಲೆಕ್ಕದಿಂದ ತಪ್ಪಿಸಿಕೊಂಡಿರಬಹುದು ಅನ್ನುವುದು ನನ್ನ ಗುಮಾನಿ.

ಹಾಗಂತ ಸಮೀಕ್ಷೆ ನಿಷ್ಪ್ರಯೋಜಕ ಅಲ್ಲ. ಒಂದೇ ಪ್ರಶ್ನೆಯನ್ನು ದಶಕಗಳ ಕಾಲ ಒಂದೇ ರೀತಿ ಕೇಳಿದರೆ ಸುಳ್ಳೂ ಒಂದೇ ಅಳತೆಯಲ್ಲಿ ಇರುತ್ತದೆ, ಇಳಿಜಾರು ಕಾಣುತ್ತದೆ. ಚರ್ಚು, ಸಿನಗಾಗ್ (ಯಹೂದಿಗಳ ಪ್ರಾರ್ಥನಾಮಂದಿರ) ಅಥವಾ ಮಸೀದಿಯ ಸದಸ್ಯರಾ ಅಂತ ಗ್ಯಾಲಪ್ ಸಂಸ್ಥೆ ಅಮೆರಿಕದಲ್ಲಿ 1937ರಿಂದ ಕೇಳುತ್ತಿದೆ. ಆಗ 73%, 1999ರಲ್ಲಿ 70%, 2020ರಲ್ಲಿ 47%. ಇಲ್ಲಿ ಯಾವ ಚರ್ಚಿನ ರಿಜಿಸ್ಟರೂ ಇಲ್ಲ, ಗುಡಿಸಿದ್ದೂ ಇಲ್ಲ. ಅದಕ್ಕೇ ಈ ಇಳಿಕೆಯನ್ನು ನಾನು ಹೆಚ್ಚು ನಂಬುತ್ತೇನೆ.

ಬೆಳವಣಿಗೆಯ ಸುದ್ದಿಗೂ ಇದೇ ಅನುಮಾನ ಬೇಕು. 1973ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬಿಬಿ ಮತ್ತು ಬ್ರಿಂಕರ್ಹಾಫ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಬೆಳೆಯುತ್ತಿದ್ದ ಇಪ್ಪತ್ತು ಇವಾಂಜೆಲಿಕಲ್ ಸಭೆಗಳ ಹೊಸ ಸದಸ್ಯರು ಎಲ್ಲಿಂದ ಬಂದರು ಅಂತ ನೋಡಿದರು. ಹೆಚ್ಚಿನವರು ಅಂಥದ್ದೇ ಇನ್ನೊಂದು ಸಭೆಯಿಂದ ಬಂದವರು. ಉಳಿದವರಲ್ಲಿ ಸದಸ್ಯರ ಮಕ್ಕಳೇ ಜಾಸ್ತಿ. ಪೂರ್ತಿ ಹೊರಗಿನಿಂದ ಬಂದವರು ಹತ್ತರಲ್ಲಿ ಒಬ್ಬರೂ ಇಲ್ಲ. ಇಲ್ಲಿ ಸೇರಿದವರ ಹೆಸರು ಅಲ್ಲಿ ಹೊಡೆದುಹಾಕಿರುತ್ತಾರೆ ಅನ್ನುವ ಗ್ಯಾರಂಟಿಯೂ ಇಲ್ಲ. ಎರಡೂ ಕಡೆ ಕೂಡಿದರೆ ಒಬ್ಬನೇ ಇಬ್ಬರು.

ಒಂದೇ ಒಂದು ಅಂಕಿ ನೋಡಲು ಅವಕಾಶ ಅಂದರೆ ನಾನು ಒಟ್ಟು ಸಂಖ್ಯೆ ಕೇಳುವುದಿಲ್ಲ. ಈ ವರ್ಷ ಎಷ್ಟು ದೀಕ್ಷಾಸ್ನಾನ, ಎಷ್ಟು ಶವಸಂಸ್ಕಾರ ಅಂತ ಕೇಳುತ್ತೇನೆ. ಇವೆರಡೂ ನಡೆದದ್ದು ಸತ್ಯ, ತಾರೀಕು ಇರುತ್ತದೆ, ಉಬ್ಬಿಸುವುದು ಕಷ್ಟ. ಜರ್ಮನಿಯ ಕಥೋಲಿಕ ಚರ್ಚಿನಲ್ಲಿ 2024ರಲ್ಲಿ 1.16 ಲಕ್ಷ ದೀಕ್ಷಾಸ್ನಾನ, 2 ಲಕ್ಷಕ್ಕೂ ಹೆಚ್ಚು ಶವಸಂಸ್ಕಾರ. ನಾಳೆಯಿಂದ ಒಬ್ಬರೂ ಚರ್ಚು ಬಿಡದಿದ್ದರೂ ಪಟ್ಟಿ ಕರಗುತ್ತಲೇ ಹೋಗುತ್ತದೆ. ಪತ್ರಿಕೆಗಳ ತಲೆಬರಹ ಪೂರ್ತಿ ಬಿಟ್ಟವರ ಮೇಲೆ, ನಿಧಾನಕ್ಕೆ ಕೊರೆಯುತ್ತಿರುವುದು ಈ ಲೆಕ್ಕ. ಸ್ವೀಡನ್ನಿನ ಲುಥೆರನ್ ಚರ್ಚಿನಲ್ಲಿ 1996ರವರೆಗೆ ಅಪ್ಪ ಅಥವಾ ಅಮ್ಮ ಸದಸ್ಯರಾಗಿದ್ದರೆ ಮಗು ಹುಟ್ಟಿದ ಕೂಡಲೇ ಸದಸ್ಯ. ಆಮೇಲೆ ದೀಕ್ಷಾಸ್ನಾನ ಬೇಕು ಅಂತಾಯಿತು. ಆ ಒಂದು ತಿದ್ದುಪಡಿಯ ಪರಿಣಾಮ ಇಷ್ಟು ವರ್ಷದ ಮೇಲೂ ಪ್ರತಿ ವರ್ಷದ ಪಟ್ಟಿಯಲ್ಲಿ ಕಾಣುತ್ತದೆ.

ಕೊನೆಗೆ ಚರ್ಚ್ ಆಫ್ ಇಂಗ್ಲೆಂಡಿನ ಒಂದು ಪದ್ಧತಿ ಹೇಳಲೇಬೇಕು, ನನಗೆ ಅದು ಬಹಳ ಇಷ್ಟ. ಅಲ್ಲಿನ ಪ್ರತಿ ಚರ್ಚಿನಲ್ಲೂ ಒಂದು ಮತದಾರರ ಪಟ್ಟಿ ಇದೆ. ವಾರ್ಷಿಕ ಸಭೆಯಲ್ಲಿ ಕೈ ಎತ್ತಬೇಕಾದರೆ ಅದರಲ್ಲಿ ಹೆಸರಿರಬೇಕು. ಆರು ವರ್ಷಕ್ಕೊಮ್ಮೆ ಹಳೇ ಪಟ್ಟಿ ಬದಿಗಿಟ್ಟು ಖಾಲಿ ಹಾಳೆಯಿಂದ ಶುರು ಮಾಡುತ್ತಾರೆ. ಐವತ್ತು ವರ್ಷದಿಂದ ಅದೇ ಬೆಂಚಿನಲ್ಲಿ ಕೂರುವ ಅಜ್ಜಿಯೂ ಹೊಸದಾಗಿ ಅರ್ಜಿ ತುಂಬಬೇಕು. ಆ ವರ್ಷ ಸಂಖ್ಯೆ ದಡಕ್ಕನೆ ಇಳಿಯುತ್ತದೆ. ಮುಂದಿನ ಐದು ವರ್ಷ, ಹೆಸರು ತೆಗೆಯುವ ಕೆಲಸ ಯಾರಿಗೂ ಬೇಡವಾದ್ದರಿಂದ, ಪಟ್ಟಿ ಮತ್ತೆ ಮೈ ತುಂಬಿಕೊಳ್ಳುತ್ತದೆ. 2013ರಲ್ಲಿ ಹೊಸ ಪಟ್ಟಿ ಮಾಡಿದರು, 2019ರಲ್ಲಿ ಮಾಡಿದರು, 2025ರಲ್ಲಿ ಮಾಡಿದರು. ಮುಂದಿನದು 2031ರಲ್ಲಿ. ಆ ವರ್ಷವೂ ಸಂಖ್ಯೆ ಇಳಿಯುತ್ತದೆ, ಬೇಕಾದರೆ ಈಗಲೇ ಬರೆದಿಟ್ಟುಕೊಳ್ಳಿ.